ಒಬ್ಬರಿಗೊಂದು ಎಲೆ

ಘಾಟೇ ಬರಲಿಲ್ಲವಲ್ಲ, ಒಂದು ಹಿಡಿ ಮೆಣಸಿನಕಾಯಿ ಕೆಂಡಕ್ಕೆ ಬಿದ್ದು ಚಟಚಟ ಅಂದು ಕಪ್ಪಗೆ ಸುರುಟಿಕೊಂಡರೂ ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ, ಗೋವಿಂದಮ್ಮ ಮೂಗನ್ನು ಒಲೆಯ ಬಾಯಿಗೇ ಒಯ್ದಳು, ಹೊಗೆ ಕಣ್ಣಿಗೆ ಹೊಕ್ಕಿತು, ಅದು ಬರೀ ಸೌದೆಯ ಹೊಗೆ — ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಅಂತಲೇ ಲೆಕ್ಕ, ಅದು ಹಸುಗೂಸಿಗೂ ಗೊತ್ತು, ಅದೂ ಎಂಥ ದೃಷ್ಟಿ, ಮನೆಯಲ್ಲಿ ಕೂತವನಿಗೆ ತಗುಲಿದ್ದಲ್ಲ, ಕಾಶ್ಮೀರವೆಂಬ ಹಿಮದ ಸೀಮೆಯಲ್ಲಿ ಎಲ್ಲೋ ಮೊಣಕಾಲೂರಿ ನೆಲ ಕೆದಕುತ್ತಿರುವ ಮಗ ಅಂಜನಮೂರ್ತಿಗೆ, ಅವಳ ಅಂಜಿಗೆ, ಅವನು ಕೈಗೆಟುಕುವ ಹಾಗಿಲ್ಲ ಅಂತ ಮೊಳೆಗೆ ತೂಗುಬಿಟ್ಟ ಅವನ ಖಾಕಿ ಅಂಗಿಗೆ ನಿವಾಳಿಸಿದ್ದಕ್ಕೇ ಹೀಗೆ. ದಸರೆಯಿಂದ ಅವನ ಸುದ್ದಿಯಿಲ್ಲ. ಅಂಗಿಯ ತೋಳು ಅಲ್ಲಾಡಿತು, ಬಾಗಿಲು ಮುಚ್ಚಿದೆ, ಈ ಕೋಣೆಗೆ ಕಿಟಕಿ ಅನ್ನುವುದೇ ಇಲ್ಲ, ಆದರೂ ಅಲ್ಲಾಡಿತು, ಅವಳು ನೋಡದವಳ ಹಾಗೆ ಮುಖ ತಿರುಗಿಸಿದಳು — ಕಳೆದ ಸಲ ರಜಕ್ಕೆ ಬಂದವನು ಇದೇ ಮೊಳೆಯ ಕೆಳಗೆ ಕೂತು ಮುದ್ದೆ ಮುರಿಯುತ್ತಾ ಹೇಳಿದ್ದ, ಅಲ್ಲಿ ನಮ್ದೇನ್ ಕೆಲ್ಸ ಗೊತ್ತೇನಮ್ಮ, ದಾರಿ ಅಗೆದು ಮೈನು ಹೂಳೋದು, ಮೇಲೆ ಮಣ್ಣು ಮುಚ್ಚಿ, ಒಣಗಿದೆಲೆ ಉದುರ್ಸಿ, ತಿರುಗಿ ನೋಡ್ದೆ ಬಂದ್ಬಿಡೋದು, ಕಾಲಿಟ್ರೆ ಮುಗೀತು, ಢಮಾರ್, ಅಯ್ಯೋ ಯಾರೋ ತುಳಿಯೋದು ಅಂದಳು ಇವಳು, ಅದ್ಯಾಕಮ್ಮ ನಮ್ಗೆ, ತುಳಿದೋರಿಗೆ ತಾನೇ ಗೊತ್ತಾಗೋದು — ನಗುನಗುತ್ತಲೇ ಹೇಳಿ ಇನ್ನೊಂದು ಸೌಟು ಸಾರು ಕೇಳಿದ್ದ. ಅಂದಿನಿಂದ ಹಿಡಿದಿದೆ ಇದು, ಹಿಟ್ಟು ಜರಡಿ ಹಿಡಿಯುವಾಗ, ಹಂಡೆಗೆ ನೀರು ಹೊಯ್ಯುವಾಗ, ಕಣ್ಣ ಮುಂದೆ ಒಂದು ಬರಿಗಾಲು ಎತ್ತಿ ನಿಂತಿರುತ್ತದೆ, ನೆಲಕ್ಕಿನ್ನೂ ಊರಿಲ್ಲ, ಹಿಮ್ಮಡಿ ಕಾಣುತ್ತದೆ, ಬೆರಳು ಕಾಣುತ್ತವೆ, ಕಣಕಾಲಿನಿಂದ ಮೇಲೆ ಏನೂ ಇಲ್ಲ. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಅಂತಾರೆಂದು ಅವಳು ಹೇಳಿರಲಿಲ್ಲ.

ಅನ್ನ ಆರಿತ್ತು. ಮೂರು ಪಾಲು ಮಾಡಿದಳು, ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಇದ್ದಿಲ ಪುಡಿ, ಉಂಡೆ ಕಟ್ಟುವ ಬೆರಳುಗಳಿಗೆ ತಮ್ಮ ಕೆಲಸ ಗೊತ್ತು, ಮನಸ್ಸೇ ಒಂದು ಕಡೆ ನಿಲ್ಲದು — ಈ ಯುದ್ಧ ಶುರುವಾಗಿದ್ದಾದರೂ ಯಾಕೆ, ದೊಮ್ಮಲೂರಿನ ತೋಟದಿಂದ ದಂಡಿನ ಬ್ಯಾರಕ್ಕಿಗೆ ಸೊಪ್ಪು ಹೊರುವ ಗಂಡ ಪಿಳ್ಳಪ್ಪ ಅಲ್ಲಿ ಕೇಳಿದ್ದನ್ನೆಲ್ಲ ತಂದು ಇಲ್ಲಿ ಸುರಿಯುತ್ತಾನೆ, ಅಲ್ಲೊಬ್ಬ ರಾಜ ಇದ್ನಂತೆ ಕಣೇ, ಈ ಕಡೆ ಸೇರ್ಲೋ ಆ ಕಡೆ ಸೇರ್ಲೋ ಅಂತ ಮೀನಮೇಷ ಎಣಿಸ್ತಾ ಕೂತ್ನಂತೆ, ಅಷ್ಟರಲ್ಲಿ ಆ ಕಡೆಯೋರು ಲಾರಿ ತುಂಬ್ಕೊಂಡು ನುಗ್ಗಿದ್ರಂತೆ — ರಾಜನೂ ಬೇಡ ಲಾರಿಯೂ ಬೇಡ, ಅವಳ ಮಟ್ಟಿಗೆ ಅದು ಶುರುವಾಗಿದ್ದು ಒಂದು ಕೈಯಿಂದ, ಗೋಡೆಯಾಚೆ ಮನೆಯ ಮೆಹರುನ್ನೀಸಾಳ ಒಬ್ಬನೇ ಮಗ ಮಸ್ತಾನನ ಕೈಯಿಂದ. ಅಂಜಿಯೂ ಅವನೂ ಒಂದೇ ದಿನ ಪಟಾಲಂ ಸೇರಿದವರು, ಇದೇ ಹಲಸೂರು ಕೆರೆಯ ಮೇಲೆ ಪೀಪಾಯಿ ಜೋಡಿಸಿ ಸೇತುವೆ ಕಟ್ಟುವುದನ್ನು ಕಲಿತವರು, ದೇಶ ಎರಡಾದಾಗ ಇಬ್ಬರೂ ರಾವಲ್ಪಿಂಡಿಯಲ್ಲಿದ್ದರು, ಸಾಹೇಬ ಬಂದು ಮುಸಲ್ಮಾನರಲ್ಲಿ ಇಲ್ಲೇ ಉಳಿಯೋರು ಯಾರು ಅಂತ ಕೇಳಿದನಂತೆ, ಬ್ಯಾರಕ್ಕಿನಲ್ಲಿ ಸುತ್ತ ಇದ್ದವರೆಲ್ಲ ಕೈ ಎತ್ತಿದರಂತೆ, ಇವನೂ ಎತ್ತಿದ, ಅಷ್ಟೇ, ಯಾಕೋ ಮಂಗ ಅಂತ ಅಂಜಿ ಕೇಳಿದರೆ ಎಲ್ರೂ ಎತ್ತಿದ್ರಲ್ಲ ಮಗಾ, ಎರಡ್ ತಿಂಗ್ಳು ನೋಡಿ ರಜಾ ಹಾಕಿ ಬಂದ್ಬಿಡ್ತೀನಿ ಅಂದನಂತೆ. ಎತ್ತಿದ ಕೈ ಇಳಿಸುವುದರೊಳಗೆ ಅವನು ಬೇರೆ ದೇಶದವನಾಗಿದ್ದ. ಈಗ ಇವನು ಹೂಳುವುದು ಅವನಿಗೆ ಗೊತ್ತು, ಅವನು ಹೂಳುವುದು ಇವನಿಗೆ ಗೊತ್ತು, ಒಂದೇ ಮೇಷ್ಟ್ರು ಕಲಿಸಿದ ಕೈ. ಮತ್ತೆ ಆ ಕಾಲು ಬಂತು, ಎತ್ತಿ ನಿಂತಿತು, ಹೋಗು ಅಂದಳು, ಹೋಗಲಿಲ್ಲ, ಉಂಡೆಯೊಂದು ಕೈಯಲ್ಲೇ ಒಡೆದುಹೋಯಿತು, ಮತ್ತೆ ಕಟ್ಟಿದಳು.

ತಪ್ಪು ಅವಳದೇ, ಮುಂಚೆ ಬರ್ಮಾ ಯುದ್ಧಕ್ಕೆ ಹೊರಟ ದಿನ ಅಂಜಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಎಲೆ ನಿವಾಳಿಸುತ್ತಿದ್ದಾಗ ಮಸ್ತಾನ ಬಂದು ಪಕ್ಕದಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತ, ನಂಗಿಲ್ವಾ ಅಮ್ಮ, ನಾನೇನ್ ಕಂಡೋರ್ ಮಗನಾ, ಅವಳು ನಕ್ಕು ಅದೇ ಎಲೆಯನ್ನು ಇಬ್ಬರ ಸುತ್ತಲೂ ಇಳಿಸಿಬಿಟ್ಟಳು, ಅತ್ತೆ ಅಕ್ಕಯಮ್ಮ ಮಲಗಿದ್ದಲ್ಲಿಂದಲೇ ಕೂಗಿಕೊಂಡಳು, ಒಬ್ಬರಿಗೊಂದು ಎಲೆ ಕಣೇ, ಇಬ್ರನ್ನ ಒಂದರಾಗೆ ಕಟ್ತಾರೇನೇ, ನಾಳೆ ಒಬ್ಬನ್ನ ಬಿಡಿಸ್ಕೊಳ್ಳೋಕೆ ಹೋದ್ರೆ ಇನ್ನೊಬ್ಬನ್ ಗತಿ ಏನು — ಮುದುಕಿ ತೀರಿಕೊಂಡಳು, ಹುಡುಗರು ಕೂದಲು ಕೊಂಕದೆ ಬರ್ಮಾದಿಂದ ಬಂದರು, ಆ ಮಾತು ಮರೆತೇ ಹೋಗಿತ್ತು. ಈಗ ಒಬ್ಬನನ್ನು ಬಿಡಿಸಿಕೊಳ್ಳುತ್ತಿದ್ದಾಳೆ. ನಮ್ಮವರು ಗೆದ್ದರೆ ಅಂಜಿ ಎದೆಗೆ ಬಿಲ್ಲೆ ಹಾಕಿಕೊಂಡು ಬರುತ್ತಾನೆ, ಅವಳು ಒಬ್ಬಟ್ಟು ಮಾಡುತ್ತಾಳೆ, ಗೋಡೆಯಾಚೆಗೆ ಯಾವ ಮುಖ ಹೊತ್ತುಕೊಂಡು ಕೊಡುವುದು, ಅವರು ಗೆದ್ದರೆ — ಅದನ್ನು ಮುಂದಕ್ಕೆ ಯೋಚಿಸಲಾರಳು — ರಾಜಿಯೂ ಆಗ್ಬಹುದಂತೆ ಕಣೇ, ದೂರದೂರಲ್ಲಿ ದೊಡ್ಡೋರು ಕೂತು ನಡುವೆ ಗೆರೆ ಎಳೀತಾರಂತೆ ಅಂದ ಪಿಳ್ಳಪ್ಪ, ಆಗ ಗೆರೆಯ ಆಚೆ ಒಬ್ಬ ಈಚೆ ಒಬ್ಬ, ತಲೆ ನರೆಯುವ ತನಕ ಕಾಯುವುದು, ಆಮೇಲೆ ಅವರ ಮಕ್ಕಳು ಕಾಯುವುದು, ಹೂತಿಟ್ಟದ್ದನ್ನು ತೆಗೆಯುವವರು ಯಾರು, ಹೇಗೆ ಎಣಿಸಿದರೂ ಕೊನೆಗೆ ಆ ಕಾಲೇ ಬಂದು ನಿಲ್ಲುತ್ತದೆ. ಹರಳೆಲೆಯ ಮೇಲೆ ಉಂಡೆಗಳನ್ನಿಟ್ಟು, ನಡುವೆ ಬತ್ತಿ ಹಚ್ಚಿ, ಅಂಗಿಯ ಸುತ್ತ ಮೂರು ಸಲ ಇಳಿಸಿದಳು, ಕಂಡವರ ಕಣ್ಣು ಹೋಗಲಿ, ಕಾಣದವರ ಕಣ್ಣು ಹೋಗಲಿ, ಅಂಗಿ ಈ ಸಲ ಮಿಸುಕಲಿಲ್ಲ.

ಕಾರ್ತಿಕದ ಅಮಾವಾಸ್ಯೆ, ಕೆರೆಯ ಕಡೆಯಿಂದ ಥಂಡಿಗಾಳಿ, ದಾರಿಯಲ್ಲಿ ಮಾತಾಡಬಾರದು, ಇಟ್ಟ ಮೇಲೆ ಹಿಂದಿರುಗಿ ನೋಡಬಾರದು, ಮನೆಗೆ ಬಂದು ಕಾಲು ತೊಳೆಯುವ ತನಕ ಬಾಯಿ ಬಿಚ್ಚಿದರೆ ತೆಗೆದ ದೃಷ್ಟಿಯೆಲ್ಲ ತೆಗೆಸಿಕೊಂಡವನ ಮೇಲೇ ವಾಪಸು, ಗೋವಿಂದಮ್ಮ ತುಟಿ ಕಚ್ಚಿಕೊಂಡು ನಡೆದಳು, ಎಲ್ಲಿಗಮ್ಮಾ ಈ ಹೊತ್ನಲ್ಲಿ ಅಂತ ಸೈಕಲ್ಲಿನವನು ಕೇಳಿದ, ಎಲೆ ನೋಡಿ ತಾನೇ ದಾರಿ ಬಿಟ್ಟ, ದಂಡಿನ ದಾರಿ, ಪೇಟೆಯ ದಾರಿ, ದೊಮ್ಮಲೂರಿನ ದಾರಿ ಮೂರೂ ಕೂಡುವಲ್ಲಿ ಕುಕ್ಕರಿಸಿ ಎಲೆ ಇಟ್ಟಳು. ಇದು ತುಳಿದವರಿಗೆ ಹೋಗುತ್ತದೆ, ಅವರಿಗೋ ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೋ, ಪ್ರತಿ ಸಲವೂ ಕಾಗೆ ತಿನ್ನಲಿ ನಾಯಿ ಮುಟ್ಟಲಿ ಅಂದುಕೊಂಡೇ ಇಡುತ್ತಿದ್ದವಳು ಈ ಸಲ ಹಾಗೆ ಅಂದುಕೊಳ್ಳಲಿಲ್ಲ, ಯಾರಾದರೂ ಸರಿ, ನನ್ನ ಮಗ ಒಬ್ಬ ಉಳಿಯಲಿ — ಅಂದುಕೊಂಡದ್ದೇ ತಡ, ಥೂ, ಎಂಥ ಹೆಂಗಸು ನಾನು ಅನ್ನಿಸಿತು, ಗಾಳಿಗೆ ಬತ್ತಿ ಆರಿತು, ಎಲೆ ಕತ್ತಲೆಯಲ್ಲಿ ಕರಗಿ ಬರೀ ನೆಲವಾಯಿತು. ಎದ್ದು, ಬಂದ ದಾರಿಯಲ್ಲೇ ಮರಳಬಾರದೆಂದು ಇನ್ನೊಂದು ದಾರಿ ಹಿಡಿದು ಹೊರಟಳು. ಹಿಂದೆ ಹೆಜ್ಜೆಯ ಸದ್ದು, ಮಣ್ಣಿನ ಮೇಲೆ ಬರಿಗಾಲಿನ ಮೆತ್ತನೆಯ ಸದ್ದು, ನೋಡಬಾರದು, ನೋಡಬಾರದು, ಗೋವಿಂದಕ್ಕಾ ಜರಾ ನಿಂತ್ಕೋ, ನಿಮ್ಮೋರು ಹೇಳಿದ್ರು ಈ ಕಡೆ ಹೋದೆ ಅಂತ, ಏದುಸಿರು ಬಿಡುವ ಮೆಹರುನ್ನೀಸಾಳ ದನಿ, ಗೋವಿಂದಮ್ಮ ತಿರುಗಿಯೇಬಿಟ್ಟಳು, ದಂಡಿನ ಕಡೆಯ ದೀಪದ ಮಂಕು ಬೆಳಕಲ್ಲಿ ಕಂಡಳು, ಬುರ್ಖಾ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ತೋಳಿನ ಮೇಲೆ ಮಡಿಸಿದ ಬಿಳಿ ಜುಬ್ಬಾ, ನಮ್ ಮಸ್ತಾನಂದು ತಂದಿದೀನಿ, ಅವನ್ಗೂ ತೆಗಿಯಕ್ಕ, ಆವತ್ತು ತೆಗೆದ್ಯಲ್ಲ ಹಂಗೆ, ಇಬ್ರಿಗೂ ಸೇರ್ಸಿ — ನೇರವಾಗಿ ಎಲೆಯ ಕಡೆಗೇ ಬರುತ್ತಿದ್ದಾಳೆ, ನೆಲ ನೋಡುತ್ತಿಲ್ಲ, ಇವಳ ಮುಖವನ್ನೇ ನೋಡುತ್ತಿದ್ದಾಳೆ, ನಿಲ್ಲು ಆಪಾ ಅಂದರೆ ಸಾಕು, ಅಂದರೆ ಅದೆಲ್ಲ ಅಂಜಿಗೆ, ಅನ್ನದಿದ್ದರೆ ಮಸ್ತಾನನಿಗೆ, ಬಾಯಿ ತೆರೆಯಿತು, ನಾಲಗೆ ಏಳಲಿಲ್ಲ, ನಿಲ್ಲು, ನಿಲ್ಲು, ಒಳಗೇ ಕೂಗುತ್ತಿದ್ದಾಳೆ, ಬರಿಗಾಲು ಮೇಲೆದ್ದಿತು, ಹಿಮ್ಮಡಿಗೆ ಹಳೆಯ ಮೆಹಂದಿ, ಬೆರಳು ಬಿಡಿಸಿಕೊಂಡಿವೆ, ಕೆಳಗೆ ಕತ್ತಲು, ಕಣಕಾಲಿನ ಮೇಲೆ ಈ ಸಲ ಮುಖವಿತ್ತು, ಇವಳನ್ನು ಕಂಡ ಸಮಾಧಾನಕ್ಕೆ ನಗುತ್ತಿತ್ತು, ಎತ್ತಿದ ಕಾಲು, ಎತ್ತಿದ ಕಾಲು —