ಕರಕಲತ್ತೆಯ ಖಾಲಿ ತಟ್ಟೆ

ಬಟ್ಟೆ ಸುಡದ ಕೈ ಅಡುಗೆಯನ್ನೂ ಸುಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕರಕಲತ್ತೆಯನ್ನು ಬಲ್ಲವರು ಅಂಥ ಮಾತು ಆಡುವುದೇ ಇಲ್ಲ. ಅವಳ ಹೊಲಿಗೆ ಅಂಗಡಿಯಲ್ಲಿ ರೇಷ್ಮೆ, ಉಣ್ಣೆ, ಜಾರುವ ನೈಲಾನು, ಯಾವುದರ ಮೇಲೆ ಇಸ್ತ್ರಿ ಓಡಿದರೂ ಒಂದು ಹಳದಿ ಚುಕ್ಕೆ ಬಿದ್ದದ್ದಿಲ್ಲ. ಅದೇ ಕೈ ಒಲೆಯ ಹತ್ತಿರ ಹೋಯಿತೋ, ಮುಗಿಯಿತು ಕಥೆ. ಹಾಲಿಟ್ಟರೆ ತಳ ಹಿಡಿಯುತ್ತದೆ. ಮೊಟ್ಟೆ ಬೇಯಲು ಇಟ್ಟರೆ ನೀರೆಲ್ಲ ಇಂಗಿ ಪಾತ್ರೆ ಕೆಂಪಗಾಗುತ್ತದೆ. ಮೊದಲ ಸಲ ಬಿಸ್ಕತ್ತು ಮಾಡಿದ ದಿನ ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದಿದ್ದರು. ತಮ್ಮನ ಮಗಳು ಪುಟ್ಟಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಆ ಬೊಚ್ಚುಬಾಯಿಯಲ್ಲೇ ‘ಕರಕಲತ್ತೆ’ ಎಂದು ಹೆಸರಿಟ್ಟುಬಿಟ್ಟಳು. ಈಗ ಪುಟ್ಟಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವಷ್ಟು ದೊಡ್ಡವಳಾಗಿದ್ದಾಳೆ, ಹೆಸರು ಮಾತ್ರ ಹಾಗೇ ಇದೆ.

ಮನೆಯಲ್ಲಿ ಯಾವ ಕೂಟ ನಡೆದರೂ ಎಲ್ಲರೂ ಒಂದೊಂದು ತಿಂಡಿ ತರುವುದು ರೂಢಿ. ಕರಕಲತ್ತೆಯ ತಟ್ಟೆ ತುಂಬಿಕೊಂಡು ಹೋಗುತ್ತಿತ್ತು, ತುಂಬಿಕೊಂಡೇ ಬರುತ್ತಿತ್ತು. ನೆಂಟರೇನು ಕೆಟ್ಟವರಲ್ಲ. ಒಂದು ಚೂರು ಎತ್ತಿಕೊಂಡು ‘ಆಹಾ’ ಎನ್ನುವರು, ಆಮೇಲೆ ಹೂಕುಂಡದ ಹಿಂದೆ ಇಟ್ಟುಬಿಡುವರು. ತಮ್ಮ ಒಬ್ಬನೇ ಎಲ್ಲರೆದುರು ಕೈಹಾಕಿ ಎರಡು ಮೂರು ತೆಗೆದುಕೊಳ್ಳುತ್ತಿದ್ದ. “ನಂಗೆ ಗರಿಗರಿ ಇದ್ರೇ ಇಷ್ಟ ಅಕ್ಕ,” ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ಅವಳು ಮುಂದಿನ ಕೂಟದವರೆಗೆ ಹಿಗ್ಗಿಕೊಂಡಿರುತ್ತಿದ್ದಳು.

ಆ ಹಿಗ್ಗಿಗೆ ಸೂಜಿ ಚುಚ್ಚಿದ್ದು ಒಂದು ಜೇಬು.

ತಮ್ಮ ಬಸ್ಸು ಓಡಿಸುವವನು. ಈಗ ನಿವೃತ್ತಿಯಾಗುವ ಕಾಲ ಬಂದಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಅವನ ಸಮವಸ್ತ್ರ ಹೊಲಿದವಳು ಅಕ್ಕನೇ, ಬೀಳ್ಕೊಡುಗೆಯ ಕೂಟಕ್ಕೆ ಹೊಸ ಕೋಟು ಹೊಲಿಯುವವಳೂ ಅವಳೇ. ಅಳತೆಗೆಂದು ಹಳೆಯ ಅಂಗಿ ತರಿಸಿಕೊಂಡು ಅಭ್ಯಾಸಬಲದಿಂದ ಜೇಬು ಮಗುಚಿದಳು. ಮೇಜಿನ ಮೇಲೆ ಕರ್ರಗಿನ ಪುಡಿ ಉದುರಿತು. ಮೂಸಿ ನೋಡಿದಳು. ಹೋದ ಕೂಟಕ್ಕೆ ತಾನು ಒಯ್ದಿದ್ದ ಬಿಸ್ಕತ್ತಿನದೇ ಪುಡಿ.

ಅಂದರೆ ಇವನೂ ತಿನ್ನುತ್ತಿರಲಿಲ್ಲ! ಜೇಬಿಗೆ ಇಳಿಸಿಕೊಂಡು ಹೋಗಿ ಎಲ್ಲೋ ಚೆಲ್ಲುತ್ತಿದ್ದ. ಕರಕಲತ್ತೆಗೆ ಅಳು ಬಂತು, ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಹೊಸ ಕೋಟಿನ ಜೇಬಿನ ಬಾಯಿಗೆ ದರ್ಜಿಗಳು ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿಟ್ಟು, ಗಿರಾಕಿಗೆ ಕೊಡುವಾಗ ಬಿಚ್ಚುತ್ತಾರೆ. ಇವಳು ಜೋಡಿ ದಾರದಲ್ಲಿ ಗಟ್ಟಿಯಾಗಿ ಹೊಲಿದು ಬಾಯಿ ಮುಚ್ಚಿದಳು. ‘ಇನ್ನು ಎಲ್ಲಿ ತುಂಬಿಸ್ತಾನೋ ನೋಡ್ತೀನಿ’ ಎಂದುಕೊಂಡಳು. ಜೊತೆಗೆ ಮನಸ್ಸಿನಲ್ಲಿ ಇನ್ನೊಂದು ಗಂಟು ಹಾಕಿದಳು: ಈ ಸಲ ತನ್ನ ತಟ್ಟೆ ಖಾಲಿಯಾಗಿ ಬರಬೇಕು. ಬರದಿದ್ದರೆ ಇನ್ನು ಮೇಲೆ ಯಾವ ಕೂಟಕ್ಕೂ ತಟ್ಟೆ ಒಯ್ಯುವುದಿಲ್ಲ.

ಅಂಗಿಯ ಗುಂಡಿಗೆ ಕಾಜಾ ಹಾಕಿಸಿಕೊಳ್ಳಲು ಬಂದಿದ್ದ ಪುಟ್ಟಿಯನ್ನೇ ಕೇಳಿದಳು. “ಸುಡೋಕೇ ಆಗದಂಥ ತಿಂಡಿ ಯಾವುದಾದ್ರೂ ಇದ್ಯೇನೇ?”

“ಐಸ್ ಕ್ಯೂಬು,” ಎಂದಳು ಪುಟ್ಟಿ.

“ತಮಾಷೆ ಸಾಕು. ಮರ್ಯಾದೆ ಪ್ರಶ್ನೆ.”

“ಅಯ್ಯೋ, ನೀನು ಅಡುಗೆ ಕಲ್ತರೆ ನಮ್ಮ ಡಾಕ್ಟರ ಗತಿ ಏನು? ನಿನ್ನ ಬಿಸ್ಕತ್ತು ಕಡಿದವರೇ ತಾನೆ ನಮ್ಮ ಗಿರಾಕಿಗಳು!” ಪುಟ್ಟಿ ನಕ್ಕಳು. ಅತ್ತೆಯ ಮುಖ ನೋಡಿ ನಗು ನುಂಗಿಕೊಂಡಳು. “ಸರಿ ಕೇಳು. ಉದ್ದ ಬ್ರೆಡ್ಡು ತಗೋ, ಬೆರಳು ದಪ್ಪ ಕತ್ತರಿಸು, ಬೆಣ್ಣೆ ಸವರಿ ಗರಿಗರಿಯಾಗಿ ಬಿಸಿ ಮಾಡು. ಮೇಲೆ ಮೆತ್ತನೆ ಬಿಳಿ ಚೀಸ್ ಹಚ್ಚು. ಅದರ ಮೇಲೆ ಅಂಜೂರನೋ ಮರಸೇಬೋ ದ್ರಾಕ್ಷಿನೋ ಇಡು. ಒಂದು ಹನಿ ಜೇನುತುಪ್ಪ, ಚೂರು ಮೆಣಸಿನಪುಡಿ. ನೋಡೋಕೂ ಚೆಂದ, ತಿನ್ನೋಕೂ ಚೆಂದ. ಬಿಸಿ ಮಾಡೋದೊಂದು ಹುಷಾರು ಅಷ್ಟೆ.”

ಹುಷಾರಿಗೇನು ಕಮ್ಮಿ? ಕೂಟದ ಹಿಂದಿನ ಸಂಜೆ ಬಾಣಲೆಯ ಪಕ್ಕ ಕಣ್ಣು ಮಿಟುಕಿಸದೆ ನಿಂತಳು. ಸುಟ್ಟುಹೋದೀತೆಂಬ ಹೆದರಿಕೆಗೆ ಬ್ರೆಡ್ಡಿಗೆ ಬಿಸಿ ತಾಗುತ್ತಿದ್ದಂತೆ ಎತ್ತಿಬಿಟ್ಟಳು. ಚೀಸ್ ಹಚ್ಚಿದಳು, ಹಣ್ಣು ಜೋಡಿಸಿದಳು, ಜೇನು ಸುರಿದಳು, ಎಲ್ಲವನ್ನೂ ಡಬ್ಬಿಯಲ್ಲಿ ಒತ್ತೊತ್ತಾಗಿ ಇಟ್ಟು ಮುಚ್ಚಳ ಹಾಕಿದಳು. ಒಂದೂ ಸುಟ್ಟಿರಲಿಲ್ಲ! ಮಾಲನ್ನು ಹಿಂದಿನ ದಿನವೇ ಮುಗಿಸಿ ಕಟ್ಟಿಡುವುದು ಅವಳ ಅಂಗಡಿಯ ಹೆಗ್ಗಳಿಕೆ. ‘ನಾಳೆ ಬನ್ನಿ’ ಎಂಬ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಪಾಪ, ಬ್ರೆಡ್ಡು ಬಟ್ಟೆಯಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಮರುದಿನ ತಮ್ಮನ ಮನೆಯ ಅಡುಗೆಮನೆಯಲ್ಲಿ ಡಬ್ಬಿ ತೆರೆದಳು. ರಾತ್ರಿಯಿಡೀ ಹಣ್ಣು ನೀರು ಬಿಟ್ಟು, ಜೇನು ಇಳಿದು, ಬ್ರೆಡ್ಡೆಲ್ಲ ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ತೊಪ್ಪೆಯಾಗಿತ್ತು. ಒಂದನ್ನು ಎತ್ತಲು ಹೋದರೆ ಅರ್ಧ ಕೈಗೆ ಬಂತು, ಅರ್ಧ ಡಬ್ಬಿಯಲ್ಲೇ ಉಳಿಯಿತು.

ತಮ್ಮನ ಹೆಂಡತಿ ಒಲೆಯ ಎರಡೂ ಉರಿಯ ಮುಂದೆ ಬೆವರುತ್ತ ನಿಂತಿದ್ದಳು. ಇಣುಕಿ ನೋಡಿ, “ಹೋಗ್ಲಿ ಬಿಡಿ ಅತ್ತಿಗೆ, ಬೇರೆ ತಿಂಡಿ ಬೇಕಾದಷ್ಟಿದೆ,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಗಾಯಕ್ಕೆ ಉಪ್ಪು ಸವರಿದಂತಾಯಿತು.

“ಒಂದು ಒಲೆ ಸ್ವಲ್ಪ ಬಿಟ್ಟುಕೊಡ್ತೀಯೇನಮ್ಮ? ಬ್ರೆಡ್ಡು ಇನ್ನೂ ಇದೆ.” ಬಟ್ಟೆ ತರುವಾಗ ಒಂದು ಗೇಣು ಹೆಚ್ಚಿಗೆ ತರುವವಳು ಅವಳು. ಚೀಲದಲ್ಲಿ ಎರಡು ಬ್ರೆಡ್ಡು, ಚೀಸು, ಹಣ್ಣು ಎಲ್ಲ ಉಳಿದಿತ್ತು.

“ಒಲೆಯಾ? ನೀವಾ?” ತಮ್ಮನ ಹೆಂಡತಿ ಹೊಸದಾಗಿ ಬಣ್ಣ ಬಳಿಸಿದ ಗೋಡೆಯನ್ನೊಮ್ಮೆ ನೋಡಿದಳು. “ಅತ್ತಿಗೆ, ನಿಮ್ಮ ದಮ್ಮಯ್ಯ. ಕೋಟಿಗೆ ಇಸ್ತ್ರಿ ಹಾಕಿಬಿಡಿ ಹೋಗಿ. ಅವರು ಬನಿಯನ್ನಲ್ಲೇ ಓಡಾಡ್ತಿದ್ದಾರೆ, ಜನ ಬರೋ ಹೊತ್ತಾಯ್ತು.”

ಕರಕಲತ್ತೆ ಚೀಲ ಎತ್ತಿಕೊಂಡು ಒಳಕೋಣೆಗೆ ಹೋದಳು. ಮೇಜಿನ ಮೇಲೆ ಕಂಬಳಿ ಹಾಸಿ ಇಸ್ತ್ರಿ ಕಾಯಲು ಇಟ್ಟಳು. ಕೋಟಿನ ಕಾಲರನ್ನು ಒತ್ತುತ್ತಿದ್ದಾಗ ಮನಸ್ಸಿನಲ್ಲಿ ಏನೋ ಮಿಂಚಿತು. ಈ ಕಾಲರಿನ ಒಳಗೆ ಗಟ್ಟಿ ಕ್ಯಾನ್ವಾಸ್ ಅಂಟಿಸಿದವಳು ತಾನೇ. ಮೇಲೊಂದು ಕಾಗದ, ಕೆಳಗೊಂದು ಕಾಗದ. ಇಸ್ತ್ರಿಯನ್ನು ಎಳೆಯಬಾರದು, ಇಡಬೇಕು, ಒತ್ತಬೇಕು, ಎತ್ತಬೇಕು. ಕಾಗದದ ಅಂಚಿನಿಂದ ಬರುವ ವಾಸನೆಯೇ ‘ಇನ್ನು ಸಾಕು’ ಎಂದು ಹೇಳುತ್ತದೆ.

ಕೋಟನ್ನು ತಮ್ಮನಿಗೆ ಕೊಟ್ಟು ಅಟ್ಟಿದಳು. ಕಂಬಳಿಯ ಮೇಲೆ ಶುಭ್ರ ಬಟ್ಟೆ ಹಾಸಿದಳು. ಚೀಸಿಗೆ ಸುತ್ತಿದ್ದ ಬಟರ್ ಪೇಪರನ್ನು ಬಿಚ್ಚಿ, ಬೆಣ್ಣೆ ಸವರಿದ ಬ್ರೆಡ್ಡನ್ನು ಅದರ ನಡುವೆ ಇಟ್ಟು ಇಸ್ತ್ರಿ ಇಟ್ಟಳು. ಚುಂಯ್ ಎಂದಿತು. ಇಡು, ಒತ್ತು, ಎತ್ತು. ಮಗುಚು. ಇಡು, ಒತ್ತು, ಎತ್ತು. ಕಾಗದ ಸರಿಸಿದರೆ ಬ್ರೆಡ್ಡು ಹೊಂಬಣ್ಣಕ್ಕೆ ತಿರುಗಿತ್ತು, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎಂದಿತು.

“ಅಯ್ಯೋ ನನ್ನವ್ವ!” ಎಂದು ಬಾಗಿಲಲ್ಲಿ ಯಾರೋ ಕೂಗಿದರು. ಪುಟ್ಟಿ.

“ಬಾಯಿ ಮುಚ್ಕೊಂಡು ಬಾಗಿಲು ಹಾಕು,” ಎಂದಳು ಕರಕಲತ್ತೆ. “ಕೈ ತೊಳ್ಕೊಂಡು ಬಾ. ಹಣ್ಣು ಹೆಚ್ಚಿ ಬಟ್ಟೆಯಲ್ಲಿ ಒತ್ತಿ ನೀರು ತೆಗಿ. ಇದಕ್ಕೆ ನೀರೇ ವೈರಿ ಅಂತ ಈಗ ಗೊತ್ತಾಯ್ತು. ಚೀಸೂ ಹಣ್ಣೂ ಈಗಲೇ ಬೇಡ. ಜನ ಬಂದು ಕೂತ ಮೇಲೇ ಹಚ್ಚೋದು.”

ಹಜಾರ ತುಂಬಿ ಮಾತು ಗಲಗಲ ಶುರುವಾದ ಮೇಲೆ ಇಬ್ಬರೂ ಕೂಡಿ ಚೀಸ್ ಹಚ್ಚಿದರು. ಮರಸೇಬಿನ ತೆಳು ಹೋಳುಗಳನ್ನು ಕರಕಲತ್ತೆ ನೆರಿಗೆ ಹಿಡಿದಂತೆ ಒಂದರ ಮೇಲೊಂದು ಜೋಡಿಸಿದಳು. ಅಂಜೂರವನ್ನು ಅಡ್ಡಕ್ಕೆ ಕೊಯ್ದು ಗುಂಡಿಯ ಹಾಗೆ ನಟ್ಟನಡುವೆ ಕೂರಿಸಿದಳು. ಜೇನು ಒಂದೇ ಹನಿ. ಪುಟ್ಟಿ ತಟ್ಟೆ ಹಿಡಿದು ಹೊರಟಳು. ಕರಕಲತ್ತೆ ಹಜಾರಕ್ಕೆ ಹೋಗಲಿಲ್ಲ. ಪರದೆಯ ಸಂದಿಯಿಂದ ನೋಡುತ್ತ ನಿಂತಳು.

ಮೊದಲು ಕೈಹಾಕಿದವನು ತಮ್ಮನ ಬಸ್ಸಿನ ಕಂಡಕ್ಟರ್. ಯಾರು ತಂದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಕಚ್ಚಿದ, ಕರುಮ್ ಎಂದ ಸದ್ದು ಪರದೆಯ ತನಕ ಕೇಳಿಸಿತು. ಇನ್ನೊಂದು ತೆಗೆದುಕೊಂಡ. ಅವನ ಹೆಂಡತಿ ತೆಗೆದುಕೊಂಡಳು. ಪಕ್ಕದ ಮನೆಯವರು, ಹಿಂದೆ ಬಕೆಟ್ಟು ತಂದವರೇ, ಅನುಮಾನದಿಂದ ಮೂಸಿ, ತುದಿ ಕಚ್ಚಿ, ಆಮೇಲೆ ಎರಡೂ ಕೈಗೆ ಒಂದೊಂದು ತೆಗೆದುಕೊಂಡರು. ತಮ್ಮನ ಹೆಂಡತಿ ಒಂದು ಬಾಯಿಗಿಟ್ಟು ಕಣ್ಣರಳಿಸಿ, “ಇದನ್ನ ಯಾವ ಒಲೆ ಮೇಲೆ ಮಾಡಿದ್ರು?” ಎಂದಳು. ಪುಟ್ಟಿಗೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. “ಇಸ್ತ್ರಿಪೆಟ್ಟಿಗೇಲಿ!” ಎಂದು ಕೂಗಿದ್ದೇ ತಡ, ಹಜಾರವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಗುತ್ತಲೇ ಕೈಗಳೆಲ್ಲ ತಟ್ಟೆಯ ಕಡೆ ಬಂದವು.

ತಟ್ಟೆ ಖಾಲಿಯಾಗಿ ಬಂತು. ಕರಕಲತ್ತೆ ಅದನ್ನು ಎದೆಗೆ ಅವುಚಿಕೊಂಡಳು, ಜೇನು ರವಿಕೆಗೆ ಮೆತ್ತಿಕೊಂಡರೂ ಲೆಕ್ಕಿಸಲಿಲ್ಲ. ಅವಳಿಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಅಷ್ಟರಲ್ಲಿ ಹೊಸ ಕೋಟು ತೊಟ್ಟ ತಮ್ಮ ಒಳಗೆ ಬಂದ. ಮುಖ ಸಣ್ಣದಾಗಿತ್ತು. “ಏನಕ್ಕ ಇದು ಅನ್ಯಾಯ? ಎಲ್ಲರ ಜೊತೆ ಕೈ ಕುಲುಕಿ ಬರೋಷ್ಟರಲ್ಲಿ ಒಂದೂ ಇಲ್ಲ! ಇಷ್ಟು ವರ್ಷ ನಾನೊಬ್ಬನೇ ತಿಂದವನು.”

“ತಿಂದವನಂತೆ!” ಕರಕಲತ್ತೆಯ ಒಳಗಿನ ಸಿಟ್ಟು ಹೊರಬಂತು. “ಜೇಬು ಮಗುಚಿ ನೋಡಿದ್ದೀನಿ ಕಣೋ. ಅಲ್ಲಿ ತುಂಬಿಸ್ಕೊಂಡು ಹೋಗಿ ಎಲ್ಲಿ ಚೆಲ್ತಿದ್ದೆ ಹೇಳು.”

ತಮ್ಮ ಅವಳ ಮುಖವನ್ನೇ ನೋಡಿದ. “ಚೆಲ್ಲೋದಾ? ಕೊನೇ ಸ್ಟಾಪಲ್ಲಿ ಬಸ್ಸು ನಿಲ್ಲಿಸಿ ಚಹಾಕ್ಕೆ ಅದ್ದಿ ತಿಂತಿದ್ದೆ. ಅದ್ದದಿದ್ರೆ ನಿನ್ನ ಬಿಸ್ಕತ್ತು ಹಲ್ಲಿಗೆ ಬಗ್ಗುತ್ತಾ? ಆ ಸುಟ್ಟ ವಾಸನೆ ಬಂದ್ರೆ ನೀನೇ ಪಕ್ಕದ ಸೀಟಲ್ಲಿ ಕೂತಂಗೆ ಅನ್ಸೋದು. ಆ ಕಂಡಕ್ಟರ್ ಕೇಳಿದ್ರೂ ಒಂದು ಚೂರು ಕೊಡ್ತಿರ್ಲಿಲ್ಲ.”

ಕರಕಲತ್ತೆ ತಿರುಗಿ, ಉಳಿದಿದ್ದ ಕೊನೆಯ ಬ್ರೆಡ್ಡಿನ ತುಂಡನ್ನು ಕಾಗದದ ನಡುವೆ ಇಟ್ಟು ಇಸ್ತ್ರಿ ಒತ್ತಿದಳು. ಎತ್ತುವುದು ಮರೆತೇಹೋಯಿತು. ತಮ್ಮ ಮೊದಲ ದಿನ ಸಮವಸ್ತ್ರ ತೊಟ್ಟು ಕನ್ನಡಿಯ ಮುಂದೆ ನಿಂತದ್ದು, ಪ್ಯಾಂಟು ಉದ್ದವಾಗಿ ಮುಗ್ಗರಿಸಿದ್ದು, ಇಬ್ಬರೂ ಬಿದ್ದು ಬಿದ್ದು ನಕ್ಕದ್ದು ಎಲ್ಲ ಒಟ್ಟಿಗೆ ನೆನಪಾಗಿ, ಅಳುತ್ತ ನಗುತ್ತ ನಿಂತುಬಿಟ್ಟಳು. ಘಾಟು ಮೂಗಿಗೆ ಬಡಿದಾಗ ಹೌಹಾರಿ ಇಸ್ತ್ರಿ ಎತ್ತಿದಳು. ಬ್ರೆಡ್ಡು ಇದ್ದಿಲಾಗಿತ್ತು.

“ಸುಟ್ಟೇಹೋಯ್ತಲ್ಲೋ!”

“ಕೊಡು ಕೊಡು. ಇದು ನನ್ನದು,” ಎಂದ ತಮ್ಮ. ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಕೈಹಾಕಿದ. ಕೈ ಇಳಿಯಲಿಲ್ಲ. ಇನ್ನೊಂದು ಜೇಬಿಗೆ ಹಾಕಿ ನೋಡಿದ, ಅದೂ ಇಲ್ಲ. “ಅಕ್ಕ, ಜೇಬೇ ಇಡೋದು ಮರ್ತುಬಿಟ್ಯಾ?”

ಕರಕಲತ್ತೆ ಕಣ್ಣೊರೆಸಿಕೊಂಡು ಚೀಲದಿಂದ ಸಣ್ಣ ಕತ್ತರಿ ತೆಗೆದಳು. “ಅಲ್ಲಾಡದೆ ನಿಂತ್ಕೋ,” ಎಂದು ಬಗ್ಗಿ, ತಾನೇ ಹಾಕಿದ್ದ ಜೋಡಿ ದಾರವನ್ನು ಒಂದೊಂದಾಗಿ ಕತ್ತರಿಸಿದಳು. ಜೇಬಿನ ಬಾಯಿ ತೆರೆದುಕೊಂಡಿತು. ಕರಕಲು ಬ್ರೆಡ್ಡಿನ ಗಂಟನ್ನು ತಾನೇ ಅದರೊಳಗೆ ಇಳಿಸಿ, ಮೇಲಿನಿಂದ ಒಮ್ಮೆ ತಟ್ಟಿದಳು.