ಶನಿವಾರದ ಪಾಳಿ

ಹದಿನಾರು ತುಂಬಿದ ಮಗಳಿಗೆ ಜವಾಬ್ದಾರಿ ಎನ್ನುವುದೇ ಇಲ್ಲ ಎಂದು ವಿನೋದಾ ಅಮೆರಿಕದ ಕ್ಯಾರಿ ಊರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಜವಾಬ್ದಾರಿ ಬರಲು ಜಾಗವಾದರೂ ಎಲ್ಲಿತ್ತು? ಅಪೂರ್ವಾಳನ್ನು ಎಬ್ಬಿಸುವುದು, ಹೋಮ್‌ವರ್ಕ್ ನೆನಪಿಸುವುದು, ಟೀಚರುಗಳಿಗೆ ಅವಳ ಹೆಸರಿನಲ್ಲೇ ಇಮೇಲ್ ಬರೆಯುವುದು, ಎಲ್ಲವೂ ಅಮ್ಮನದೇ ಕಾರುಬಾರು. ಮಗಳ ಇಮೇಲ್ ಇದ್ದದ್ದೇ ಅಮ್ಮನ ಫೋನಿನಲ್ಲಿ. ಹುಡುಗಿ ಅದರತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಆ ಬೇಸಿಗೆ ಅಪೂರ್ವಾ ಯಾರೂ ಹೇಳದೆ ತರಬೇತಿ ಮುಗಿಸಿ, ಬಡಾವಣೆಯ ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸ ಹಿಡಿದಳು. ಮೊದಲ ಪಾಳಿ ಶನಿವಾರ ಬೆಳಿಗ್ಗೆ. ಕಾಲೇಜು ಪ್ರವೇಶಕ್ಕೆ ಬೇಕಾದ ಎಸ್‌ಎಟಿ ಪರೀಕ್ಷೆಯ ಕ್ಲಾಸೂ ಅದೇ ಹೊತ್ತಿಗೆ. ವಿನೋದಾಳಿಗೆ ತಡೆಯಲಾಗಲಿಲ್ಲ. ‘ಶನಿವಾರ ಬರಲಾಗದು, ಕ್ಷಮಿಸಿ’ ಎಂದು ಮಗಳ ಇಮೇಲಿನಿಂದಲೇ ಈಜುಕೊಳದ ಮ್ಯಾನೇಜರಿಗೆ ಬರೆದು, ಕೆಳಗೆ ಅವಳ ಹೆಸರು ಹಾಕಿ ಕಳಿಸಿಬಿಟ್ಟಳು. ಮಗಳಿಗೆ ನಿಧಾನಕ್ಕೆ ಹೇಳಿದರಾಯಿತು ಅಂದುಕೊಂಡಳು.

ಶನಿವಾರ ಅವಳು ಎಬ್ಬಿಸಲು ಹೋದರೆ ಹಾಸಿಗೆ ಖಾಲಿ. ಅಪೂರ್ವಾ ಕೆಂಪು ಈಜುಡುಗೆ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. "ಅಮ್ಮ, ಡ್ರಾಪ್ ಮಾಡ್ತೀಯಾ?"

ಆ ಮುಖ ನೋಡಿ ವಿನೋದಾ ಕಾರಿನ ಕೀಲಿ ಎತ್ತಿಕೊಂಡಳು. ಮುಂದಿನ ಸಿಗ್ನಲ್‌ನಲ್ಲಿ ಹೇಳೋಣ, ಅದರ ಮುಂದಿನದರಲ್ಲಿ ಹೇಳೋಣ ಎನ್ನುವಷ್ಟರಲ್ಲಿ ಈಜುಕೊಳವೇ ಬಂತು.

ಎತ್ತರದ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು. ಮ್ಯಾನೇಜರ್ ಹೆಂಗಸು ತನ್ನ ಫೋನನ್ನು ಅಪೂರ್ವಾಳ ಕಡೆ ತಿರುಗಿಸಿದಳು. ಅಪೂರ್ವಾ ಓದಿದಳು. ಒಮ್ಮೆ ಅಮ್ಮನನ್ನು ನೋಡಿದಳು.

ವಿನೋದಾ ಬಾಯಿ ತೆರೆಯುವ ಮೊದಲೇ ಮಗಳು ಇಂಗ್ಲಿಷಿನಲ್ಲಿ, "ಸಾರಿ. ನಾನೇ ಬರೆದದ್ದು. ತಪ್ಪು ನನ್ನದು" ಅಂದಳು.

"ಇಲ್ಲಿ ಮಕ್ಕಳ ಜೀವದ ಪ್ರಶ್ನೆ. ನಂಬಿಕೆ ಇರಬೇಕು" ಎಂದಳು ಮ್ಯಾನೇಜರ್. "ಬೇಕಾದರೆ ಕರೆಯುತ್ತೇನೆ." ಕರೆಯುವ ದನಿ ಅದಲ್ಲವೆಂದು ಮೂವರಿಗೂ ಗೊತ್ತಾಯಿತು.

ಕಾರಿನಲ್ಲಿ ಅಪೂರ್ವಾ ಸೀಟಿ ತೆಗೆದು ಕೈಯಲ್ಲಿ ಹಿಡಿದು ಕೂತಳು. ಬೈದಿದ್ದರೆ ವಿನೋದಾ ತಡೆದುಕೊಳ್ಳುತ್ತಿದ್ದಳು. ತನ್ನ ತಪ್ಪನ್ನು ಮಗಳು ಹೊತ್ತುಕೊಂಡದ್ದಕ್ಕೆ ಅವಳು ನಾಚಿಕೆಯಿಂದ ಕುಗ್ಗಿಹೋದಳು.

"ಹಾಗ್ಯಾಕೆ ಹೇಳ್ದೆ ಪುಟ್ಟ? ನಾನೇ ಒಪ್ಕೊಳ್ತಿದ್ನಲ್ಲ."

"ಯಾರಾದ್ರೂ ರೆಸ್ಪಾನ್ಸಿಬಿಲಿಟಿ ತಗೋಬೇಕಲ್ಲ, ಅಮ್ಮ" ಅಂದಳು ಅಪೂರ್ವಾ. "ಕೆಳಗೆ ನನ್ನ ಹೆಸರಿತ್ತು."