ಗುಡ್ಡದ ಹಿಂದಿನ ಹುಲ್ಲು

ನಾನು ಒಂದು ಪುಸ್ತಕ. ಎಲ್ಲೂ ಇಲ್ಲದ ಒಂದು ದೇಶದ ಕೈಪಿಡಿ. ಕುಷ್ಟಗಿ ಕಡೆಯ ಒಬ್ಬ ಡ್ರಾಯಿಂಗ್ ಮಾಸ್ತರರು ಆ ದೇಶವನ್ನು ಮನಸ್ಸಿನಲ್ಲೇ ಕಟ್ಟಿ, ಸಿರಿಮುಗಿಲು ಎಂದು ಹೆಸರಿಟ್ಟರು. ಅಲ್ಲಿ ರೆಕ್ಕೆಯ ಕುದುರೆಗಳಿದ್ದವು, ಹಾಡುವ ಬಾವಿಗಳಿದ್ದವು. ಗುಡ್ಡದ ಚಿತ್ರ ಬರೆಯುವಾಗ ಮಾತ್ರ ಮಾಸ್ತರರು ತಾವು ಕಂಡ ಗುಡ್ಡವನ್ನೇ ಬರೆದರು: ಮಲಗಿದ ಎತ್ತಿನಂತಹ ಗುಡ್ಡ, ಅದರ ಬೆನ್ನಿನ ಡುಬ್ಬದ ಜಾಗದಲ್ಲಿ ಒಂಟಿ ಬಂಡೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನಾನು ಹುಟ್ಟಿದೆ. ‘ಇದೆಲ್ಲ ಕಲ್ಪನೆ, ಯಾರೂ ಹುಡುಕಿಕೊಂಡು ಹೋಗಬೇಡಿ’ ಎಂದು ನನ್ನ ಮೊದಲ ಪುಟದಲ್ಲೇ ಇತ್ತು.

ಆ ಪುಟ ಒಂದು ಚಹಾದಂಗಡಿಯಲ್ಲಿ ಮಿರ್ಚಿ ಕಟ್ಟಲು ಹೋಯಿತು. ಅದರ ಹಿಂದೆಯೇ ಕುದುರೆಗಳೂ ಬಾವಿಗಳೂ ಹೋದವು. ಉಳಿದದ್ದು ದಾರಿ ಮತ್ತು ಮೇವಿನ ಅಧ್ಯಾಯ. ಅಷ್ಟನ್ನು ಹಾಲವ್ವ ಅಂಗಡಿಯವನನ್ನು ಕೇಳಿ ಎತ್ತಿಕೊಂಡಳು.

ಹಾಲವ್ವ ಕುರಿ ಮಂದಿಯ ಸೊಸೆ. ಹಿಂಡಿನ ಜೊತೆ ಊರೂರು ತಿರುಗುವ ಆ ಮನೆಯಲ್ಲಿ ಅಕ್ಷರ ಬರುತ್ತಿದ್ದುದು ಅವಳಿಗೊಬ್ಬಳಿಗೇ. ಬಸ್ಸಿನ ಬೋರ್ಡಿರಲಿ, ಕುರಿ ಔಷಧಿಯ ಬಾಟಲಿಯಿರಲಿ, ಮಾವ ಮಾಳಿಂಗಪ್ಪ “ಹಾಲವ್ವ ಓದ್ಲಿ” ಎನ್ನುತ್ತಿದ್ದ. ಆಗ ಅವಳ ಮುಖ ನೋಡಬೇಕಿತ್ತು.

ಒಂದು ಸಂಜೆ ಒಲೆ ಮುಂದೆ ಕೂತು ಅವಳು ನನ್ನನ್ನು ಗಟ್ಟಿಯಾಗಿ ಓದಿದಳು: “ಎತ್ತಿನ ಗುಡ್ಡವನ್ನು ಬಳಸಿ ಹೋದರೆ ಮೊಣಕಾಲುದ್ದ ಹುಲ್ಲು, ನಡುವೆ ತಿಳಿನೀರಿನ ಹಳ್ಳ.”

ಮಾಳಿಂಗಪ್ಪ ಚಿತ್ರ ನೋಡಿದ. “ಹೌದಲೇ, ಇದು ನಮ್ಮ ಬಸವನಗುಡ್ಡನ! ಅದರ ಹಿಂದಕ್ಕ ನಾವು ಹೋಗೇ ಇಲ್ಲ.”

ಹಿಂಡು ಹೊರಡುವ ಮೊದಲು ಒಬ್ಬರು ಮುಂದೆ ಹೋಗಿ ಮೇವು ನೀರು ನೋಡಿಕೊಂಡು ಬರುವುದು ಅವರ ಪದ್ಧತಿ. ಕಿರಿಮಗ ಕರಿಸಿದ್ದ ಆಗಲೇ ಕಂಬಳಿ ಹೆಗಲಿಗೆ ಹಾಕಿದ್ದ.

“ಬ್ಯಾಡ ಬಿಡೋ,” ಎಂದ ಮುದುಕ. “ಅಚ್ಚು ಹಾಕಿಸಿದ್ದು ಸುಳ್ಳ ಇರತೈತೇನು?”

ಸುಳ್ಳೇ ಎಂದು ಹೇಳಲು ನನಗೆ ಬಾಯಿ ಎಲ್ಲಿತ್ತು? ಹೇಳಬೇಕಾದ ಪುಟ ಎಣ್ಣೆ ಕುಡಿದು ಎಲ್ಲಿ ಬಿದ್ದಿತ್ತೋ.

ಗುಡ್ಡದ ಹಿಂದೆ ಇದ್ದದ್ದು ಕಲ್ಲು ಕ್ವಾರಿ. ಹುಲ್ಲಿನ ಮಾತು ಹಾಗಿರಲಿ, ಜಾಲಿಯ ಎಲೆಯ ಮೇಲೂ ಬಿಳಿ ಧೂಳು. ನೀರಿಗೆ ಮತ್ತೊಂದು ದಿನ ನಡೆಯಬೇಕಾಯಿತು. ಮರಿ ಹಾಕಿದ ಕುರಿಗಳ ಕೆಚ್ಚಲು ಬತ್ತಿತು. ಎಳೆ ಮರಿಗಳು ಒಂದೊಂದಾಗಿ ದಾರಿಯಲ್ಲೇ ಕಾಲು ಮಡಚಿದವು. ಹಾಲವ್ವ ಸೆರಗಿನಲ್ಲಿ ಹೊತ್ತು ತಂದ ಮರಿಯೂ ನೀರು ಕಾಣುವ ಹೊತ್ತಿಗೆ ತಣ್ಣಗಾಗಿತ್ತು.

“ಮುಂದಿನ ಹಾಳ್ಯಾಗ ಏನ್ ಬರದೈತಿ ಓದ್ರೀ ಅತ್ತಿಗಿ,” ಎಂದ ಕರಿಸಿದ್ದ. “ಪಾಯಸದ ಹೊಳಿ ಎಲ್ಲೈತಂತ?”

ಒಲೆ ಹೊತ್ತಿಸಿದಾಗ ಹಾಲವ್ವ ನನ್ನನ್ನು ಚೀಲದಿಂದ ಎಳೆದು ತಂದಳು. ಸುಟ್ಟುಬಿಡಲಿ ಎಂದೇ ನಾನೂ ಬೇಡಿಕೊಂಡೆ. ಮಾಳಿಂಗಪ್ಪ ಅವಳ ಕೈ ಹಿಡಿದ.

“ಇಡವ್ವ. ಅದೇನು ನಮ್ಮನ್ನ ಕರಕೊಂಡು ಹೋತೇನು? ಮೇವು ನೋಡಾಕ ಹೋಗೋನ್ನ ತಡದಾಂವ ನಾನು.”

ಆಮೇಲೆ ಹಾಲವ್ವ ಓದುವುದನ್ನೇ ಬಿಟ್ಟಳು. ಬಾಟಲಿ ಕೊಟ್ಟರೆ “ಕಣ್ಣು ಮಂಜಾಗ್ಯಾವ ಮಾವಾ” ಎನ್ನುವಳು. ಚೀಲದೊಳಗೆ ಅದು ಕೇಳಿಸಿದಾಗಲೆಲ್ಲ ನನ್ನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನನ್ನನ್ನು ನಂಬಿದ್ದಕ್ಕೆ ಅವಳು ತನ್ನ ಕಣ್ಣನ್ನೇ ದೂರುತ್ತಿದ್ದಳು.

ವರ್ಷಗಳು ಕಳೆದವು. ಮಾಳಿಂಗಪ್ಪನಿಗೆ ನಡೆಯಲು ಆಗದಾಯಿತು. ಹಿಂಡು ಮೇಯಲು ಹೋದ ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿದ್ದವನು ಕರೆದ: “ಹಾಲವ್ವ, ಆ ಹುಲ್ಲಿನ ಹಾಳಿ ಓದು.”

“ಸುಳ್ಳೈತಲ್ಲ ಮಾವಾ ಅದು.”

“ನನಗ ಗೊತ್ತಿಲ್ಲೇನು? ಇನ್ನ ನನಗ ಯಾರೂ ಮುಂದ ಹೋಗಿ ನೋಡಿಕೊಂಡು ಬರೋದು ಬ್ಯಾಡ. ಓದು.”

ಅವಳು ತಡವರಿಸುತ್ತ ಓದಿದಳು. ಕೇಳುತ್ತ ಕೇಳುತ್ತ ಮುದುಕ ಕಣ್ಣು ಮುಚ್ಚಿಕೊಂಡ. ಅವಳ ದನಿ ನಿಧಾನಕ್ಕೆ ಗಟ್ಟಿಯಾಯಿತು. ನನ್ನ ನಾಚಿಕೆ ಅದರಿಂದ ಕಡಿಮೆಯಾಗಲಿಲ್ಲ.

ಓದು ಮುಗಿದ ಮೇಲೆ ಅವಳ ತೊಡೆಯ ಮೇಲೆ ತೆರೆದೇ ಇದ್ದೆ. ಹಿಂಡಿನ ಜೊತೆ ಹೋಗದೆ ಉಳಿದಿದ್ದ ಒಂದು ಎಳೆ ಮರಿ ಬಂದು ನನ್ನ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಹಾಲವ್ವ ಅದನ್ನು ಓಡಿಸಲಿಲ್ಲ. ತಿನ್ನಲಿ. ಗುಡ್ಡದ ಹಿಂದಿನ ಹುಲ್ಲು ಒಂದು ಮರಿಯ ಬಾಯಿಗಾದರೂ ಸೇರಲಿ.